ಪದವಿಯನ್ನು ಬಯಸದ ರಾಜಕಾರಣಿ: ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಹೆಣ್ಣಿನ ಧೈರ್ಯದ ಮಾತು ಬಂದಿತೆಂದರೆ ಒನಕೆ ಓಬವ್ವನ ಹೆಸರೂ, ರಾಜಕಾರಣದ ಮಾತು ಬಂದಿತೆಂದರೆ ಶ್ರೀ ಎಸ್. ನಿಜಲಿಂಗಪ್ಪನವರ ಹೆಸರೂ ತಾವಾಗಿಯೇ ನಾಲಗೆಗೆ ಬರುತ್ತವೆ. ಈ ಎರಡನ್ನೂ ಕೂಡಿಸಿ, ರಾಜಕಾರಣದಲ್ಲಿ ಧೈರ್ಯ ತೋರಿದ ಹೆಣ್ಣುಮಗಳು ಯಾರು ಎಂದು ಕೇಳಿದರೆ ಮಾತ್ರ ನಮ್ಮಲ್ಲಿ ಅನೇಕರು ತುಸು ಹೊತ್ತು ಸುಮ್ಮನಾಗುತ್ತಾರೆ. 1997ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ ಬಳ್ಳಾರಿ ಸಿದ್ದಮ್ಮನವರಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, ಬಳಿಕ ಮೈಸೂರು ವಿಧಾನಸಭೆಯನ್ನೂ ಪ್ರವೇಶಿಸಿದ ತಾಯಿ ಅವರು. ಹಿರಿಯೂರಿನ ಮತದಾರರು 2018ರಲ್ಲಿ ಒಬ್ಬ ಮಹಿಳೆಯನ್ನು ಆರಿಸಿ ಕಳುಹಿಸಿದರು. ಇಷ್ಟಾದರೂ ವಿದ್ಯಾರ್ಥಿನಿಲಯದಲ್ಲಿ ಈ ಚರ್ಚೆ ನಡೆದಾಗಲೆಲ್ಲ ಕೊನೆಗೆ ಒಂದೇ ಪ್ರಶ್ನೆ ಏಳುವುದನ್ನು ನಾನು ಗಮನಿಸಿದ್ದೇನೆ: ಆಕೆ ಯಾವ ಕುರ್ಚಿಯಲ್ಲಿ ಕುಳಿತಿದ್ದಳು? ಮಂತ್ರಿಯೋ, ಶಾಸಕಿಯೋ, ಅಧ್ಯಕ್ಷೆಯೋ? ಕುರ್ಚಿಯ ಹೆಸರು ಹೇಳಲಾಗದಿದ್ದರೆ ಆ ಬಾಳು ರಾಜಕಾರಣದ ಲೆಕ್ಕಕ್ಕೆ ಬಾರದು ಎಂಬಂತೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ಪ್ರಶ್ನೆಗೆ ಸಿಕ್ಕದ ಒಂದು ಬಾಳನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಆಶೆ. ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ನಮ್ಮ ಕನ್ನಡ ಕರಾವಳಿಯ ಮಂಗಳೂರಿನ ಮಗಳು. ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆಯೆಂದು ಹೆಸರಾದವರು. ಆ ಸ್ಪರ್ಧೆಯಲ್ಲಿ ಅವರು ಸೋತರು. ಮುಂದೆ ಅರುವತ್ತು ವರುಷಗಳ ಕಾಲ ಸಾರ್ವಜನಿಕ ಜೀವನದಲ್ಲಿದ್ದರೂ ಮಂತ್ರಿಪದವಿಯನ್ನು ಅವರು ಏರಲಿಲ್ಲ.

ಕಮಲಾದೇವಿಯವರು ಹುಟ್ಟಿದುದು 1903ನೆಯ ಇಸವಿ ಏಪ್ರಿಲ್ 3ರಂದು, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಶಾಲೆಗೆ ಹೋಗದಿದ್ದರೂ ಮನೆಯಲ್ಲಿಯೇ ಓದಿ ತಿಳಿದವರು. ಹೆಣ್ಣುಮಕ್ಕಳು ಲೋಕವನ್ನು ಅರಿಯಬೇಕೆಂಬ ಹಟವುಳ್ಳವರು. ಕಮಲೆಗೆ ಇನ್ನೂ ಏಳು ವರುಷವಿರುವಾಗಲೇ ತಂದೆ ತೀರಿಕೊಂಡರು. ಅವರು ಮರಣಶಾಸನ ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಹೋಯಿತು. ವಿಧವೆಗೂ ಹೆಣ್ಣುಮಕ್ಕಳಿಗೂ ಉಳಿದುದು ಜೀವನಾಂಶದ ಮಾತು ಮಾತ್ರ. ಗಿರಿಜಾಬಾಯಿಯವರು ಆ ಜೀವನಾಂಶಕ್ಕೆ ಕೈಯೊಡ್ಡದೆ, ತವರಿನಿಂದ ತಂದುದನ್ನು ನೆಚ್ಚಿಕೊಂಡು ಮಗಳನ್ನು ಬೆಳೆಸಿದರು. ಅಷ್ಟು ದೊಡ್ಡ ಮನೆಯ ಹೆಣ್ಣುಮಕ್ಕಳಿಗೂ ಒಂದು ಸಾವಿನಿಂದ ಒಂದೇ ದಿನದಲ್ಲಿ ನೆಲೆ ತಪ್ಪಬಹುದಾದರೆ ಕಾನೂನು ಎಂಬುದು ಎಷ್ಟು ಹತ್ತಿರದ ಸಂಗತಿ ಎಂಬುದನ್ನು ಆ ಬಾಲಕಿ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವರಿಗೆ ಮದುವೆಯಾಯಿತು. ಎರಡು ವರುಷ ಕಳೆಯುವಷ್ಟರಲ್ಲಿ ಗಂಡ ತೀರಿಕೊಂಡನು. ಅಂದಿನ ಮೇಲ್ಜಾತಿಯ ಬಾಲವಿಧವೆಯ ಪಾಡು ಏನೆಂಬುದನ್ನು ನಮ್ಮ ಹಳೆಯ ಕಾದಂಬರಿಗಳನ್ನು ಓದಿದವರಿಗೆ ನಾನು ವಿವರಿಸಬೇಕಾಗಿಲ್ಲ. ಕಮಲಾದೇವಿಯವರು ಮೂಲೆ ಹಿಡಿಯಲಿಲ್ಲ, ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಸೇರಿದರು. ಅಲ್ಲಿ ಸರೋಜಿನೀ ನಾಯಿಡು ಅವರ ತಂಗಿ ಸುಹಾಸಿನಿಯ ಪರಿಚಯವಾಗಿ, ಅವಳ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಹರೀಂದ್ರನಾಥರು ಕವಿ, ನಟ, ನಾಟಕಕಾರ. ಇಪ್ಪತ್ತರ ಹರೆಯದಲ್ಲಿ ಕಮಲಾದೇವಿಯವರು ಅವರನ್ನು ಮದುವೆಯಾದರು. ವಿಧವೆಯ ಮರುಮದುವೆ ಒಂದು, ಬಂಗಾಳಿಯೊಡನೆ ಮದುವೆ ಇನ್ನೊಂದು. ನೆಂಟರಿಷ್ಟರಿಗೆ ಇದಕ್ಕಿಂತ ದೊಡ್ಡ ಆಘಾತ ಬೇಕಿರಲಿಲ್ಲ. ರಾಮಕೃಷ್ಣ ಎಂಬ ಮಗ ಹುಟ್ಟಿದನು. ಆ ದಾಂಪತ್ಯ ಬಹುಕಾಲ ಬಾಳಲಿಲ್ಲ; ಮುಂದೆ ಕಮಲಾದೇವಿಯವರೇ ನ್ಯಾಯಾಲಯದ ಮೂಲಕ ವಿಚ್ಛೇದನ ಪಡೆದರು. ಈ ಸಂಗತಿಯನ್ನು ಹಿಡಿದು ಹಲವರು ಬಹಳ ಬರೆದಿದ್ದಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ.

ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿತು, ಗಾಂಧೀಜಿಯವರ ಚಳವಳಿಯ ಸುದ್ದಿಗೆ ಮನಸೋತು ಅವರು ಭಾರತಕ್ಕೆ ಮರಳಿದರು. ಕಾಂಗ್ರೆಸ್ಸಿನ ಸೇವಾದಳಕ್ಕೆ ಸೇರಿ ಹೆಣ್ಣುಮಕ್ಕಳಿಗೆ ಸ್ವಯಂಸೇವಕರ ತರಬೇತಿ ಕೊಡತೊಡಗಿದರು. ಈ ಹೊತ್ತಿಗೆ ಅವರ ಬಾಳಿಗೆ ಬಂದವರು ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್. ಹೆಣ್ಣುಮಕ್ಕಳಿಗೆ ಮತದ ಹಕ್ಕು ಬೇಕೆಂದು ತಮ್ಮ ನಾಡಿನಲ್ಲಿ ಸೆರೆಮನೆಗೆ ಹೋಗಿ ಬಂದ ಈ ಮಹಿಳೆ ಭಾರತದಲ್ಲಿ ನೆಲೆಸಿ ಅದೇ ಕೆಲಸವನ್ನು ಇಲ್ಲಿಯೂ ಮುಂದುವರಿಸಿದ್ದರು.

ಇಲ್ಲಿ ವಾಚಕರು ಒಂದು ವಿಷಯವನ್ನು ನೆನೆಯಬೇಕು. ಆಗ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಮೈಸೂರು ಅರಸರ ಆಳ್ವಿಕೆಯಲ್ಲಿದ್ದವು. ಮಂಗಳೂರು ಇಂಗ್ಲಿಷರ ಮದರಾಸು ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ನಾವೂ ಅವರೂ ಒಂದೇ ಸರಕಾರದ ಪ್ರಜೆಗಳಾಗಿರಲಿಲ್ಲ. ಮದರಾಸು ಪ್ರಾಂತದಲ್ಲಿ ಹೆಣ್ಣುಮಕ್ಕಳಿಗೆ 1921ರಲ್ಲಿ ಮತ ಹಾಕುವ ಹಕ್ಕು ದೊರೆತಿತ್ತು. ಆದರೆ ಶಾಸನಸಭೆಯಲ್ಲಿ ಕೂರುವ ಹಕ್ಕು ದೊರೆತುದು 1926ರಲ್ಲಿ. ಅದೂ ಆಸ್ತಿಯುಳ್ಳವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಮತವಿದ್ದ ಕಾಲ. ಹೆಣ್ಣಿನ ಹೆಸರಿನಲ್ಲಿ ಆಸ್ತಿಯೇ ಇಲ್ಲದ ಸಮಾಜದಲ್ಲಿ ಹೆಣ್ಣು ಮತದಾರರು ಎಷ್ಟು ಮಂದಿ ಇದ್ದಾರು! ಆ ವರುಷದ ಚುನಾವಣೆ ಇನ್ನು ಕೆಲವೇ ದಿನಗಳಿವೆಯೆನ್ನುವಾಗ ಕಸಿನ್ಸರು ಇಪ್ಪತ್ತಮೂರು ವರುಷದ ಕಮಲಾದೇವಿಯವರನ್ನು ಸ್ಪರ್ಧೆಗೆ ನಿಲ್ಲಿಸಿದರು. ಪ್ರಚಾರಕ್ಕೆ ಕಾಲವಿರಲಿಲ್ಲ. ಬೆನ್ನಿಗೆ ಪಕ್ಷವಿರಲಿಲ್ಲ. ಹಿಂದೆ ನಿಂತವರ ಅನುಭವವೆಂಬುದಂತೂ ಇಲ್ಲವೇ ಇಲ್ಲ, ಏಕೆಂದರೆ ಹಿಂದೆ ಯಾರೂ ನಿಂತಿರಲಿಲ್ಲ. ಹೀಗಿದ್ದೂ ಅವರು ಸೋತುದು ಅತಿ ಅಲ್ಪ ಅಂತರದಿಂದ.

ಈ ಸೋಲನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಗೆದ್ದಿದ್ದರೆ ಏನಾಗುತ್ತಿತ್ತು? ಅದೇ ಕಾಲದಲ್ಲಿ ಡಾ. ಮುತ್ತುಲಕ್ಷ್ಮೀ ರೆಡ್ಡಿಯವರು ನಾಮಕರಣದ ಮೂಲಕ ಮದರಾಸು ಶಾಸನಸಭೆಯನ್ನು ಸೇರಿ, ಅದರ ಉಪಾಧ್ಯಕ್ಷೆಯಾಗಿ, ದೇವದಾಸಿ ಪದ್ಧತಿಯ ವಿರುದ್ಧ ಶಾಸನಕ್ಕಾಗಿ ಹೋರಾಡಿದರು. ಸಭೆಯ ಒಳಗಿನಿಂದ ಮಾಡಬಹುದಾದ ಕೆಲಸ ಎಷ್ಟಿತ್ತೆಂಬುದನ್ನು ಅವರು ತೋರಿಸಿಕೊಟ್ಟರು. ಕಮಲಾದೇವಿಯವರಿಗೆ ಆ ಬಾಗಿಲು ಮುಚ್ಚಿತು. ಅವರು ಅದರ ಮುಂದೆ ನಿಂತು ಕಾಯಲಿಲ್ಲ. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸ್ಥಾಪನೆಯಾದಾಗ ಅದರ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ಸುತ್ತಿದರು. ಬಾಲ್ಯವಿವಾಹವನ್ನು ತಡೆಯುವ 1929ರ ಶಾರದಾ ಶಾಸನಕ್ಕೆ ಬೆಂಬಲ ಕೂಡಿಸಿದವರಲ್ಲಿ ಈ ಸಮ್ಮೇಳನದ ಹೆಂಗಸರು ಮುಂದಾಳುಗಳು. ಆ ಶಾಸನ ಹೆಣ್ಣಿನ ಮದುವೆಗೆ ಗೊತ್ತುಮಾಡಿದ ಕನಿಷ್ಠ ವಯಸ್ಸು ಹದಿನಾಲ್ಕು. ಕಮಲಾದೇವಿಯವರು ಸ್ವತಃ ಮೊದಲ ಸಲ ಹಸೆಯೇರಿದ ವಯಸ್ಸು. ದಿಲ್ಲಿಯಲ್ಲಿ 1932ರಲ್ಲಿ ಹೆಣ್ಣುಮಕ್ಕಳಿಗಾಗಿ ಲೇಡಿ ಅರ್ವಿನ್ ಕಾಲೇಜು ಆರಂಭವಾದುದೂ ಇದೇ ಸಮ್ಮೇಳನದ ಪ್ರಯತ್ನದಿಂದ.

ಇನ್ನು 1930ರ ಉಪ್ಪಿನ ಸತ್ಯಾಗ್ರಹ. ಮಾರ್ಚ್ 12ರಂದು ಗಾಂಧೀಜಿಯವರು ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರೊಡನೆ ನಡೆದವರೆಲ್ಲರೂ ಗಂಡಸರು. ಉಪ್ಪಿನ ಕಾನೂನು ಮುರಿಯುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕರೆಯಲು ಗಾಂಧೀಜಿಯವರು ಮೊದಲು ಒಪ್ಪಿರಲಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ದಂಡಿಯ ಚಿತ್ರವನ್ನು ನೋಡಿದವರಿಗೆ ಇದು ಹೊಳೆಯುವುದೇ ಇಲ್ಲ. ಉಪ್ಪು ಎಂದರೆ ಅಡುಗೆಯ ಮನೆ. ಅಡುಗೆಯ ಮನೆ ಎಂದರೆ ಹೆಣ್ಣು. ಉಪ್ಪಿನ ಮೇಲೆ ಕರ ಹಾಕಿದರೆ ಅದರ ಪೆಟ್ಟು ಮೊದಲು ತಾಗುವುದು ಒಲೆಯ ಮುಂದೆ ಕುಳಿತವಳಿಗೆ. ಅವಳನ್ನು ಬಿಟ್ಟು ಉಪ್ಪಿನ ಯುದ್ಧ ಹೂಡುವುದೇನು! ಕಮಲಾದೇವಿಯವರು ದಂಡಿಯ ದಾರಿಯಲ್ಲಿಯೇ ಗಾಂಧೀಜಿಯವರನ್ನು ಕಂಡು ವಾದಿಸಿದರು, ಮಹಾತ್ಮರೂ ಒಪ್ಪಿದರು. ಯುದ್ಧದಲ್ಲಿ ಸೇನಾಪತಿಯನ್ನು ವಿರೋಧಿಸಿ ಗೆಲ್ಲುವುದು ಶತ್ರುವನ್ನು ಗೆಲ್ಲುವುದಕ್ಕಿಂತ ಕಷ್ಟ. ಈ ಇಪ್ಪತ್ತೇಳರ ಹೆಣ್ಣುಮಗಳ ಆ ಗೆಲುವನ್ನು ನಾನು ಅವರ ರಾಜಕೀಯ ಜೀವನದ ಅತಿ ದೊಡ್ಡ ಕಾರ್ಯವೆಂದು ಎಣಿಸುತ್ತೇನೆ. ಅದರ ತರುವಾಯ ದೇಶದ ತುಂಬ ಸಾವಿರಾರು ಹೆಂಗಸರು ಹೊಸಿಲು ದಾಟಿ ಬೀದಿಗಿಳಿದರು.

ಮುಂಬಯಿಯಲ್ಲಿ ಕಾನೂನುಭಂಗದ ನೇತೃತ್ವಕ್ಕಾಗಿ ಏರ್ಪಟ್ಟ ಏಳು ಮಂದಿಯ ತಂಡದಲ್ಲಿ ಕಮಲಾದೇವಿ ಮತ್ತು ಅವಂತಿಕಾಬಾಯಿ ಗೋಖಲೆ ಇವರಿಬ್ಬರೇ ಹೆಂಗಸರು. ಕಡಲ ತಡಿಯಲ್ಲಿ ಒಲೆ ಹೂಡಿ ಉಪ್ಪುನೀರನ್ನು ಕಾಯಿಸಿದರು. ಪೋಲೀಸರು ಬಂದರು, ಲಾಠಿಗಳು ಎದ್ದವು. ನೂಕುನುಗ್ಗಲಿನಲ್ಲಿ ರಾಷ್ಟ್ರಧ್ವಜವನ್ನು ಕಸಿಯಲು ಬಂದವರಿಗೆ ಬಿಟ್ಟುಕೊಡದೆ ಅವರು ಅದನ್ನು ಅಪ್ಪಿ ಹಿಡಿದು ನಿಂತ ಸುದ್ದಿ ನಾಡೆಲ್ಲ ಹಬ್ಬಿತು. ಅವರು ಉಪ್ಪಿನ ಪೊಟ್ಟಣಗಳನ್ನು ಹೊತ್ತು ಮುಂಬಯಿಯ ಷೇರುಪೇಟೆಯೊಳಕ್ಕೇ ನುಗ್ಗಿ, ಕೋಟ್ಯಧೀಶ್ವರರ ನಡುವೆ ಸಂತೆಯ ಹೆಂಗಸಿನಂತೆ ಕೂಗಿ ಮಾರಿದರು. ನ್ಯಾಯಾಲಯಕ್ಕೆ ಹೋಗಿ, ಅಲ್ಲಿದ್ದ ಮ್ಯಾಜಿಸ್ಟ್ರೇಟನಿಗೇ ಕಾನೂನುಬಾಹಿರವಾದ ಈ ಉಪ್ಪನ್ನು ಕೊಳ್ಳುವೆಯಾ ಎಂದು ಕೇಳಿದರು. ಅದರ ಫಲವಾಗಿ ಸೆರೆಮನೆ. ಮುಂದೆಯೂ ಹಲವು ಸಲ ಸೆರೆಮನೆ.

ಅವರು ನಟಿಯೂ ಆಗಿದ್ದರೆಂಬುದನ್ನು ಇಲ್ಲಿ ಹೇಳದೆ ಬಿಡಲಾರೆ. 1931ರಲ್ಲಿ ಮೋಹನ ಭವನಾನಿಯವರ 'ಮೃಚ್ಛಕಟಿಕ' ಎಂಬ ಮೂಕಚಿತ್ರದಲ್ಲಿ ಅಭಿನಯಿಸಿದರು, ನಮ್ಮ ಟಿ. ಪಿ. ಕೈಲಾಸಂ ಅವರೂ ಅದರಲ್ಲಿ ಇದ್ದರು. 1943ರ 'ತಾನಸೇನ್' ಚಿತ್ರದಲ್ಲಿಯೂ ಅವರಿದ್ದಾರೆ. ಮರ್ಯಾದಸ್ಥರ ಮನೆಯ ಹೆಣ್ಣು ಬಣ್ಣ ಹಚ್ಚುವುದು ಹೀನವೆಂದು ಎಲ್ಲರೂ ನಂಬಿದ್ದ ಕಾಲವದು.

1934ರಲ್ಲಿ ಜಯಪ್ರಕಾಶ ನಾರಾಯಣ ಮೊದಲಾದ ತರುಣರು ಕಟ್ಟಿದ ಕಾಂಗ್ರೆಸ್ ಸಮಾಜವಾದಿ ಪಕ್ಷಕ್ಕೆ ಸೇರಿ, 1936ರಲ್ಲಿ ಮೀರತ್ತಿನ ಅಧಿವೇಶನದ ಅಧ್ಯಕ್ಷತೆಯನ್ನು ವಹಿಸಿದರು. 1939ರಲ್ಲಿ ಮಹಾಯುದ್ಧ ಆರಂಭವಾದಾಗ ಅವರು ವಿದೇಶದಲ್ಲಿದ್ದರು. ಊರಿಗೆ ಮರಳುವ ಬದಲು ಅಮೆರಿಕ, ಜಪಾನು, ಚೀನಗಳನ್ನು ಸುತ್ತಿ, ಭಾರತದ ಸ್ವಾತಂತ್ರ್ಯದ ವಾದವನ್ನು ಹೋದಲ್ಲೆಲ್ಲ ಮಂಡಿಸಿದರು. ಈ ಪ್ರವಾಸದ ಒಂದು ಘಟನೆ ಮಾತ್ರ ಹೇಳುತ್ತೇನೆ. ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಹೋಗುವಾಗ, ಬಿಳಿಯರಿಗೆ ಮೀಸಲಾದ ಗಾಡಿಯಿಂದ ಏಳುವಂತೆ ಟಿಕೆಟ್ ನೋಡುವವನು ಹೇಳಿದನು. ಅವರು ಏಳಲಿಲ್ಲ. ಭಾರತೀಯಳೆಂದು ತಿಳಿದ ಮೇಲೆ ಅವನು ತುಸು ಮೆತ್ತಗಾದನು. ತಾನು ಪರದೇಶದ ಅತಿಥಿಯೆಂದು ಹೇಳಿಕೊಂಡು ಆ ಆಸರೆಯಲ್ಲಿ ಅವರು ಕುಳಿತುಕೊಳ್ಳಬಹುದಾಗಿತ್ತು. ಆದರೆ ತಾನೂ ಕಪ್ಪುಬಣ್ಣದವರ ಪೈಕಿಯೇ ಎಂದು ಸ್ಪಷ್ಟಪಡಿಸಿ ಅಲ್ಲಿಯೇ ಕುಳಿತರು. ಮೇಲ್ಜಾತಿಯಲ್ಲಿ ಹುಟ್ಟಿದವರೊಬ್ಬರು ತಮ್ಮನ್ನು ಕೆಳಗೆ ಎಣಿಸಲ್ಪಟ್ಟವರ ಸಾಲಿನಲ್ಲಿ ತಾವಾಗಿ ನಿಲ್ಲಿಸಿಕೊಂಡರಲ್ಲ, ಅದು ನನಗೆ ಹಿಡಿಸಿತು.

1944ರಲ್ಲಿ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾದರು. ಗೃಹಿಣಿಯ ದುಡಿಮೆಯೂ ದುಡಿಮೆಯೇ, ಅದನ್ನು ದೇಶದ ಸಂಪತ್ತಿನ ಲೆಕ್ಕಕ್ಕೆ ಹಿಡಿಯಬೇಕೆಂಬುದು ಅವರ ವಾದವಾಗಿತ್ತು. ನೀರು ಹೊತ್ತು, ಸಗಣಿ ಬಾಚಿ, ಹೊಲದಲ್ಲಿ ಕಳೆ ಕಿತ್ತು, ಸಂಜೆಗೆ ಮತ್ತೆ ಒಲೆ ಊದುವ ನಮ್ಮ ತಾಯಂದಿರ ಹೆಸರಿನ ಮುಂದೆ ಪಡಿತರ ಚೀಟಿಯ ಅರ್ಜಿಯಲ್ಲಿ ಉದ್ಯೋಗ ಮನೆಗೆಲಸ ಎಂದು ಬರೆದು, ಆದಾಯದ ಕಡೆ ಸೊನ್ನೆ ಹಾಕುವುದನ್ನು ನಾನು ಬಲ್ಲೆ. ಎಂಬತ್ತು ವರುಷಗಳ ಹಿಂದಿನ ವಾದ ಇನ್ನೂ ಹಳೆಯದಾಗಿಲ್ಲ.

ಸ್ವಾತಂತ್ರ್ಯ ಬಂದಿತು. ಸೆರೆಮನೆಯಿಂದ ಬಂದವರೆಲ್ಲರೂ ಸಚಿವಾಲಯಗಳ ಕಡೆಗೆ ನಡೆದ ಕಾಲ ಅದು. ನಡೆದುದರಲ್ಲಿ ತಪ್ಪೇನೂ ಇರಲಿಲ್ಲ. ರಾಯಭಾರಿತ್ವ, ರಾಜ್ಯಪಾಲತ್ವದಂಥ ಪದವಿಗಳು ಎದುರಿಗೆ ಬಂದರೂ ಕಮಲಾದೇವಿಯವರು ಒಲ್ಲೆನೆಂದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅವರು ಹೋದುದು ನಿರಾಶ್ರಿತರ ಶಿಬಿರಗಳಿಗೆ. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದವರು ದಿಲ್ಲಿಯ ಸುತ್ತ ಡೇರೆಗಳಲ್ಲಿ ತುಂಬಿದ್ದರು. ಅವರಿಗೆ ಅನ್ನ ಬಡಿಸುವುದಕ್ಕಿಂತ ಕೆಲಸ ಹುಟ್ಟಿಸುವುದು ಮೇಲು ಎಂಬುದು ಕಮಲಾದೇವಿಯವರ ಮತ. ಸಹಕಾರದ ಆಧಾರದ ಮೇಲೆ ಅವರದೇ ಊರು ಕಟ್ಟುವ ಯೋಜನೆಯನ್ನು ಗಾಂಧೀಜಿಯವರ ಮುಂದಿಟ್ಟರು. ಸರಕಾರದ ಹಣವನ್ನು ಆಶ್ರಯಿಸಬಾರದೆಂಬ ಕಟ್ಟಳೆಯೊಡನೆ ಅವರು ಒಪ್ಪಿದರು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟ ಹುಟ್ಟಿತು. ದಿಲ್ಲಿಯ ಹೊರಗಿನ ಛತ್ತರಪುರದಲ್ಲಿ ನಿರಾಶ್ರಿತರು ಕೂಡಿ ಬೇಸಾಯ ಮಾಡಿದರು. ಬಳಿಕ ಫರೀದಾಬಾದಿನಲ್ಲಿ ವಾಯವ್ಯ ಗಡಿನಾಡಿನಿಂದ ಬಂದ ಹತ್ತಾರು ಸಾವಿರ ಜನ ತಾವೇ ಇಟ್ಟಿಗೆ ಹೊತ್ತು, ತಾವೇ ಮನೆ ಕಟ್ಟಿ ಒಂದು ಪಟ್ಟಣವನ್ನೇ ಎಬ್ಬಿಸಿದರು. ಇಂದು ಫರೀದಾಬಾದು ಉತ್ತರದ ದೊಡ್ಡ ಕೈಗಾರಿಕಾ ನಗರಗಳಲ್ಲೊಂದು. ಅದರ ತಳಹದಿಯಲ್ಲಿ ಮಂಗಳೂರಿನ ಹೆಣ್ಣುಮಗಳೊಬ್ಬಳ ಶ್ರಮವಿದೆಯೆಂಬುದು ಅಲ್ಲಿಯವರಿಗೆ ಎಷ್ಟು ಜನಕ್ಕೆ ಗೊತ್ತೋ!

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷತೆಯನ್ನು ಮಾತ್ರ ಅವರು ಒಪ್ಪಿಕೊಂಡರು. ಇದು ರಾಜಕಾರಣದಿಂದ ನಿವೃತ್ತಿಯೆಂದು ಕೆಲವರು ತಿಳಿದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಬೇಸಾಯವನ್ನು ಬಿಟ್ಟರೆ ಹಳ್ಳಿಗಳಲ್ಲಿ ಅತಿ ಹೆಚ್ಚು ಜನರಿಗೆ ಅನ್ನ ಕೊಡುವುದು ಕೈಕಸಬು. ಆ ಕಸಬುದಾರ ಸಾಲದಲ್ಲಿ ಸಾಯುವುದು ಅವನ ಕೈಯಲ್ಲಿ ಕುಶಲತೆ ಇಲ್ಲದ್ದರಿಂದಲ್ಲ. ಕಚ್ಚಾಮಾಲನ್ನು ಸಾಹುಕಾರನಿಂದ ಕಡ ತಂದು, ಮಾಡಿದ ಸರಕನ್ನು ಅವನಿಗೇ ಅವನು ಹೇಳಿದ ಬೆಲೆಗೆ ಕೊಡಬೇಕಾದುದರಿಂದ. ಇದನ್ನು ಬಿಡಿಸುವುದು ರಾಜಕಾರಣವಲ್ಲದೆ ಮತ್ತೇನು? ಮಂಡಲಿಯು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ವಿನ್ಯಾಸ ಕೇಂದ್ರಗಳನ್ನು ತೆರೆಯಿತು. ದಿಲ್ಲಿಯ ಗೃಹಕೈಗಾರಿಕೆಗಳ ಮಾರಾಟಮಳಿಗೆಯನ್ನು ಸಹಕಾರ ಒಕ್ಕೂಟವು ವಹಿಸಿಕೊಂಡು, ದಲ್ಲಾಳಿಯ ಕೈಗೆ ಸಿಕ್ಕದಂತೆ ಸರಕನ್ನು ಮಾರಿತು. ಕಾಳಹಸ್ತಿಯ ಕಲಂಕಾರಿ ಬಲ್ಲ ಮುದುಕರು ಬೆರಳೆಣಿಕೆಗೆ ಇಳಿದಿದ್ದಾಗ ಅಲ್ಲಿ ತರಬೇತಿ ಕೇಂದ್ರ ಏರ್ಪಟ್ಟು ಆ ವಿದ್ಯೆ ಉಳಿಯಿತು. 1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಬರತೊಡಗಿತು; ಹೆಸರಿಲ್ಲದೆ ದುಡಿದು ಸತ್ತವರ ಮಕ್ಕಳಿಗೆ ಮೊದಲ ಸಲ ರಾಷ್ಟ್ರಪತಿಗಳ ಕೈಯಿಂದ ಗೌರವ ದೊರೆಯಿತು.

ಇದು ನಮ್ಮ ಜಿಲ್ಲೆಗೆ ದೂರದ ಮಾತಲ್ಲ. ಹಿರಿಯೂರು ಚಳ್ಳಕೆರೆಗಳ ಕಡೆ ಕುರಿಯ ಉಣ್ಣೆಯಿಂದ ಕಂಬಳಿ ನೇಯುವವರ ಮನೆಗಳಲ್ಲಿ ನೂಲುವವಳು ಹೆಣ್ಣು, ಮಗ್ಗದ ಮೇಲೆ ಕೂರುವವನು ಗಂಡು, ಬೆಲೆ ಕಟ್ಟುವವನು ಇವರಿಬ್ಬರೂ ಅಲ್ಲದ ಮೂರನೆಯವನು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು ಹೆಸರಿಗೆ ರಕ್ಷಣೆ ಬಂದಿದೆ; ಮಗ್ಗದವನ ಕೂಲಿಗೆ ಅಂಥ ರಕ್ಷಣೆ ಇನ್ನೂ ಬರಬೇಕಾಗಿದೆ. ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಗುಡಿಕೈಗಾರಿಕೆ ಎಂಬ ಪಾಠ ಒಂದೇ ಗಂಟೆಯಲ್ಲಿ ಮುಗಿಯುತ್ತದೆ.

ಇಷ್ಟೆಲ್ಲ ಮೆಚ್ಚಿ ಬರೆದ ಮೇಲೂ ಒಂದು ವಿಷಯದಲ್ಲಿ ಕಮಲಾದೇವಿಯವರೊಡನೆ ನನ್ನ ಮನಸ್ಸು ಒಪ್ಪುವುದಿಲ್ಲ. ಪದವಿಯನ್ನು ಬೇಡವೆನ್ನಲು ಮೊದಲು ಅದು ಕೈಗೆ ಎಟಕುವಂತಿರಬೇಕು. ಅವರಿಗೆ ವಿದ್ಯೆಯಿತ್ತು, ಇಂಗ್ಲಿಷಿತ್ತು, ಗಾಂಧೀಜಿ ನೆಹರೂರವರೊಡನೆ ನೇರವಾಗಿ ವಾದಿಸುವ ಸಲಿಗೆಯಿತ್ತು. ಕುರ್ಚಿಯಿಲ್ಲದೆಯೂ ಅವರ ಮಾತು ನಡೆಯುತ್ತಿತ್ತು. ಹೊಸದುರ್ಗ ಹೊಳಲ್ಕೆರೆಗಳ ಹಳ್ಳಿಯಲ್ಲಿ ಮೀಸಲು ಸ್ಥಾನದಿಂದ ಪಂಚಾಯತಿಗೆ ಬಂದ ಕೂಲಿಯ ಹೆಣ್ಣುಮಗಳಿಗೆ ಅದೊಂದು ಕುರ್ಚಿಯನ್ನು ಬಿಟ್ಟರೆ ಬೇರೆ ಬಲವೇ ಇಲ್ಲ. ಆ ಕುರ್ಚಿಯನ್ನೂ ಎಷ್ಟೋ ಕಡೆ ಅವಳ ಗಂಡನೋ ಮೈದುನನೋ ತುಂಬಿರುತ್ತಾನೆ. ಅವಳು ಮನೆಯಲ್ಲಿದ್ದು, ಕಳುಹಿಸಿದ ಕಾಗದಕ್ಕೆ ರುಜು ಹಾಕುತ್ತಾಳೆ. ಅವಳಿಗೆ ಪದವಿಯ ಮೇಲಿನ ವಿರಕ್ತಿಯನ್ನು ಬೋಧಿಸಲು ನನಗೆ ಬಾಯಿ ಬಾರದು. ದೇಶದ ಮೊದಲ ವರುಷಗಳಲ್ಲಿ ಕಮಲಾದೇವಿಯಂಥವರು ಮಂತ್ರಿಮಂಡಲದ ಒಳಗಿದ್ದಿದ್ದರೆ, ನಮ್ಮ ರಾಜ್ಯದಲ್ಲಿ 1983ರ ಶಾಸನವು ಹೆಣ್ಣುಮಕ್ಕಳಿಗೆ ಸ್ಥಾನ ಕಾದಿರಿಸುವವರೆಗೆ ಕಾಯಬೇಕಾಗುತ್ತಿರಲಿಲ್ಲವೇನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ನನ್ನ ಅಧ್ಯಾಪಕರೊಬ್ಬರು ಈ ಮಾತನ್ನು ಒಪ್ಪುವುದಿಲ್ಲ. ಒಳಗೆ ಹೋಗಿದ್ದರೆ ಫರೀದಾಬಾದೂ ಕಲಂಕಾರಿಯೂ ಉಳಿಯುತ್ತಿರಲಿಲ್ಲವೆಂದು ಅವರ ವಾದ. ವಾಚಕರು ತಮ್ಮ ತಮ್ಮ ಮತವನ್ನು ಹೊಂದಬಹುದು.

ಗೌರವಗಳಿಗೆ ಕೊರತೆಯಿರಲಿಲ್ಲ. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷತೆಯನ್ನೂ ವಹಿಸಿದ್ದರು. ಎಂಬತ್ತು ದಾಟಿದ ಮೇಲೆ, 1986ರಲ್ಲಿ, ಅವರ ಆತ್ಮಕಥೆ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಮರುವರುಷ, 1987ರ ಜನವರಿಯಲ್ಲಿ, ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಚುನಾವಣೆ ನಡೆಯಿತು. ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಹೆಣ್ಣುಮಕ್ಕಳಿಗೆ. ಒಬ್ಬಳು ಹೆಣ್ಣು ಸ್ಪರ್ಧೆಗೆ ನಿಂತುದೇ ಸುದ್ದಿಯಾಗಿದ್ದ ಕಾಲ ಕಳೆದು ಅರುವತ್ತು ವರುಷಗಳ ತರುವಾಯ, ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿಯೂ, ರಾಜ್ಯದ ಇತರ ಕಡೆಗಳಲ್ಲಿಯೂ ಸಾವಿರಾರು ಹೆಂಗಸರು, ಅವರಲ್ಲಿ ಎಷ್ಟೋ ಮಂದಿ ಹೆಬ್ಬೆಟ್ಟಿನವರು, ಮಂಡಲ ಪಂಚಾಯತಿಯ ಸದಸ್ಯೆಯರಾದರು. 1988ರ ಅಕ್ಟೋಬರ್ 29ರಂದು ಕಮಲಾದೇವಿಯವರು ಮುಂಬಯಿಯಲ್ಲಿ ತೀರಿಕೊಂಡರು. ಅವರಿಗೆ ಆಗ ಎಂಬತ್ತೈದು ವರುಷ.